2012ರ ಆರ್15 ವಿ2: ದಿನಕ್ಕೆ 500 ಕಿ.ಮೀ. ಓಡಿಸೋಕೆ ಏನೇನು ಮಾಡಿಸಬೇಕು?

ಹೊಸದಾರಿ:

ಎಲ್ಲರಿಗೂ ನಮಸ್ಕಾರ. ಗಾಡಿ ಯಮಹಾ ಆರ್15 ವಿ2, 2012ರ ಮಾಡೆಲ್, 46,000 ಕಿ.ಮೀ. ಓಡಿದೆ. ಎಂಜಿನ್ ಚೆನ್ನಾಗಿದೆ. ಹೊಗೆಯಿಲ್ಲ, ಆಯಿಲ್ ಕಡಿಮೆಯಾಗಲ್ಲ. ದಸರಾ ರಜೆಯಲ್ಲಿ ಬೆಂಗಳೂರಿಂದ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗಿ, ಹೊನ್ನಾವರ–ಸಾಗರ–ಶಿವಮೊಗ್ಗ ಕಡೆಯಿಂದ ವಾಪಸ್ ಬರೋ ಯೋಚನೆ ಇದೆ. ಒಬ್ಬನೇ ಹೋಗೋದು, ಸಾಮಾನು ಸುಮಾರು 12 ಕೆ.ಜಿ. ನನ್ನ ಎತ್ತರ 5 ಅಡಿ 10 ಇಂಚು, ತೂಕ 74 ಕೆ.ಜಿ.

ತೊಂದರೆ ಮೂರು. ಒಂದು, 80–90 ಕಿ.ಮೀ. ದಾಟಿದರೆ ಎರಡೂ ಕೈಯಲ್ಲಿ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತೆ. ಎರಡು, ಸೀಟಲ್ಲಿ ಮುಂದಕ್ಕೆ ಜಾರಿ ಟ್ಯಾಂಕಿಗೆ ಒತ್ತಿಕೊಂಡುಬಿಡ್ತೀನಿ. ಮೂರು, ಸಣ್ಣ ಗುಂಡಿಗೂ ಹಿಂದಿನ ಚಕ್ರದ ಏಟು ನೇರ ಬೆನ್ನಿಗೆ ಬರುತ್ತೆ. ಹ್ಯಾಂಡಲನ್ನು ಎತ್ತರಿಸೋ ರೈಸರ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಬಜೆಟ್ 12,000 ರೂಪಾಯಿ. ಯಾವುದರಿಂದ ಶುರು ಮಾಡಲಿ?

ಹತ್ತು_ಹನ್ನೆರಡು:

ರೈಸರ್ ಕೊನೆಗೆ ಇಟ್ಕೊಳ್ಳಿ. ನೀವು ಹೇಳಿದ ಮೊದಲ ಎರಡು ತೊಂದರೆಗೂ ಬೇರು ಒಂದೇ. ಸೀಟು ಟ್ಯಾಂಕಿನ ಕಡೆ ಇಳಿಜಾರಾಗಿದೆ, ಮೈ ಮುಂದಕ್ಕೆ ಜಾರುತ್ತೆ, ಜಾರೋ ಮೈಯನ್ನು ಅಂಗೈ ತಡೆದು ಹಿಡಿಯುತ್ತೆ. ಹ್ಯಾಂಡಲನ್ನು ಒಂದಿಂಚು ಮೇಲೆತ್ತಿದರೂ ಜಾರೋದು ನಿಲ್ಲಲ್ಲ. ಅಂಗೈ ಮೇಲಿನ ಭಾರ ಸ್ವಲ್ಪ ಕಮ್ಮಿಯಾಗುತ್ತೆ ಅಷ್ಟೇ, 90 ಕಿ.ಮೀ.ಗೆ ಬರ್ತಿದ್ದ ಜೋಮು 130ಕ್ಕೆ ಬರುತ್ತೆ.

ಯಾವ ಬೆರಳು ಜೋಮು ಹಿಡಿಯುತ್ತೆ ಅಂತ ಬರೆದಿದ್ದು ಒಳ್ಳೇದಾಯ್ತು. ಕಿರುಬೆರಳು, ಉಂಗುರದ ಬೆರಳಾದರೆ ಅಂಗೈಯ ಹೊರ ಅಂಚಿನ ಬುಡದಲ್ಲಿ ಹೋಗೋ ನರ ಗ್ರಿಪ್ಪಿಗೆ ಒತ್ತಿಕೊಳ್ತಿದೆ, ಅಂದರೆ ಭಾರ ಅಂಗೈ ಮೇಲೆ ಬೀಳ್ತಿದೆ ಅಂತ ಅರ್ಥ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಾಗಿದ್ದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಂಡಿದೆ, ಲಿವರ್ ಕೋನ ತಪ್ಪಿದೆ ಅಂತ ಹೇಳಬಹುದಿತ್ತು. ನಿಮ್ಮದು ಮೊದಲನೇ ಜಾತಿ. ಆದರೂ ಲಿವರ್ ಕೋನ ಸರಿಮಾಡೋಕೆ ದುಡ್ಡು ಬೇಡ, ಅಲ್ಲಿಂದಲೇ ಶುರು ಮಾಡಿ.

ಗಾಡಿ ನೇರ ನಿಲ್ಲಿಸಿ ಯಾರಾದರೂ ಹಿಡ್ಕೊಳ್ಳಲಿ. ನೀವು ಓಡಿಸುವಾಗ ಕೂರೋ ಹಾಗೇ ಕೂತು, ಕಣ್ಣು ಮುಚ್ಚಿ ಕೈ ಚಾಚಿ ಬೆರಳು ಲಿವರ್ ಮೇಲಿಡಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಬೆರಳು ಮೇಲಕ್ಕೆ ಎತ್ತಬೇಕಾಗಿ ಬಂದರೆ ಲಿವರ್ ತುಂಬ ಮೇಲಿದೆ. ಹೋಲ್ಡರಿನ ಬೋಲ್ಟ್ ಸಡಿಲಿಸಿ ಕೆಳಕ್ಕೆ ತಿರುಗಿಸಿ. ಬಲಗಡೆ ಬ್ರೇಕ್ ಆಯಿಲ್ ಇರೋ ಮಾಸ್ಟರ್ ಸಿಲಿಂಡರಿನ ಕ್ಲಾಂಪಲ್ಲಿ ‘ಅಪ್’ ಅಂತ ಬಾಣದ ಗುರುತಿದ್ದರೆ ಅದು ಮೇಲ್ಮುಖವಾಗೇ ಇರಬೇಕು, ಮೇಲಿನ ಬೋಲ್ಟ್ ಮೊದಲು, ಕೆಳಗಿನದು ಆಮೇಲೆ ಬಿಗಿಯಬೇಕು. ಇದು ಉಲ್ಟಾ ಆದರೆ ಕ್ಲಾಂಪ್ ಸೋತು ಬ್ರೇಕ್ ಒತ್ತಿದಾಗ ಲಿವರ್ ತಿರುಗುತ್ತೆ.

ಇಲ್ಲೊಂದು ಎಡವೋ ಜಾಗ ಇದೆ. ಸ್ವಿಚ್ ಡಬ್ಬಿ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಒಂದು ಮೊಳೆ ಇರುತ್ತೆ. ಹ್ಯಾಂಡಲ್ ಪೈಪಿನ ತೂತಿಗೆ ಅದು ಕೂತು ಡಬ್ಬಿ ತಿರುಗದ ಹಾಗೆ ಹಿಡಿಯುತ್ತೆ. ಲಿವರ್ ತಿರುಗಿಸಿದಾಗ ಡಬ್ಬಿಯೂ ಜೊತೆಗೆ ತಿರುಗಬೇಕಾಗಿ ಬಂದರೆ ಆ ಮೊಳೆಯನ್ನು ಅರದಲ್ಲಿ ಉಜ್ಜಿ ತೆಗೀತಾರೆ. ಥ್ರಾಟಲ್ ಕಡೆ ಯಾವತ್ತೂ ಹಾಗೆ ಮಾಡಿಸಬೇಡಿ. ಡಬ್ಬಿ ತಿರುಗಿದರೆ ಕೇಬಲ್ ಎಳೆದು ಆಕ್ಸಿಲರೇಟರ್ ತಾನಾಗೇ ಏರುತ್ತೆ. ಮೊಳೆ ಹಾಗೇ ಉಳಿಸಿ, ಅದೇ ಅಳತೆಯ ಡ್ರಿಲ್‌ನಲ್ಲಿ ಪೈಪಿಗೆ ಹೊಸ ತೂತು ಹಾಕಿಸಿ.

ಕ್ಲಚ್ ಲಿವರಿನ ತುದಿಯಲ್ಲಿ 10–15 ಮಿ.ಮೀ. ಸಡಿಲ ಇರಲಿ. ಈಗಿರೋ ಕ್ಲಚ್ ಕೇಬಲ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಹೊಸದು ಹಾಕಿಬಿಡಿ, ಹಳೇದನ್ನು ಬ್ಯಾಗಲ್ಲಿಟ್ಟುಕೊಳ್ಳಿ. ಒಣಗಿ ಗಟ್ಟಿಯಾದ ಕೇಬಲ್ಲೇ ಎಡಗೈ ನೋವಿಗೆ ಅರ್ಧ ಕಾರಣ ಆಗಿರುತ್ತೆ.

ಇನ್ನು ಕೂರೋ ಕ್ರಮ. ಟ್ಯಾಂಕನ್ನು ಎರಡೂ ಮಂಡಿಯಿಂದ ಹಿಡಿದು ಕೂರದಿದ್ದರೆ ಎಂಥ ರೈಸರೂ ಕೈ ಉಳಿಸಲ್ಲ. ಟ್ಯಾಂಕಿನ ಪಕ್ಕ ಪೇಂಟ್ ನುಣುಪಾಗಿರುತ್ತೆ, ಜೀನ್ಸ್ ಜಾರುತ್ತೆ. ಎರಡೂ ಕಡೆ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮೊಣಕೈ ಸಡಿಲ ಮಾಡಿ ರೆಕ್ಕೆ ಥರ ಒಮ್ಮೆ ಆಡಿಸಿ ನೋಡಿ. ಆಡಲಿಲ್ಲ ಅಂದರೆ ಭಾರ ಕೈ ಮೇಲೇ ಇದೆ.

ಸಹ್ಯಾದ್ರಿ_ಸವಾರ:

ಮೇಲೆ ಹೇಳಿದ್ದೆಲ್ಲ ಒಪ್ಪಿದೆ. ಸೀಟಿನ ಕೆಲಸ ವಿವರವಾಗಿ ಬರೀತೀನಿ, ಯಾಕಂದರೆ ದುಡ್ಡು ಪೋಲಾಗೋದು ಇಲ್ಲೇ.

ಸೀಟ್ ಟೈಲರ್ ಹತ್ತಿರ ಹೋಗಿ “ಮೆತ್ತಗೆ ಮಾಡಿ” ಅಂದರೆ ಮೇಲೆ ಒಂದಿಂಚು ಬಿಳಿ ಸ್ಪಂಜ್ ಹಾಕಿ ಹೊಲಿದು ಕೊಡ್ತಾರೆ. ಅಂಗಡಿ ಮುಂದೆ ಕೂತಾಗ ಸೋಫಾ ಥರ ಇರುತ್ತೆ. ಒಂದು ಗಂಟೆ ಓಡಿಸಿದರೆ ಸ್ಪಂಜ್ ಪೂರ್ತಿ ಅಮುಕಿ, ಕೂರೋ ಎರಡು ಮೂಳೆ ತಳಕ್ಕೇ ತಾಗುತ್ತೆ. ಉದ್ದ ದಾರಿಗೆ ಗಟ್ಟಿ ಫೋಮೇ ಬೇಕು. ರೀಬಾಂಡೆಡ್ ಫೋಮ್ ಅಂತ ಕೇಳಿ, ಬಣ್ಣಬಣ್ಣದ ಚೂರು ಒತ್ತಿ ಮಾಡಿರೋದು, ಡೆನ್ಸಿಟಿ 80ರಿಂದ 100. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರೆ ಅರ್ಧ ಮಾತ್ರ ತಗ್ಗಬೇಕು, ಬಿಟ್ಟ ತಕ್ಷಣ ಮೇಲೆ ಬರಬೇಕು.

ಆಕಾರ ಹೀಗೆ ಹೇಳಿ. ಟ್ಯಾಂಕಿನ ಕಡೆ ತುದಿಯಲ್ಲಿ 20–25 ಮಿ.ಮೀ. ದಪ್ಪ, ಹಿಂದಕ್ಕೆ ಬರ್ತಾ ಬರ್ತಾ ಸೊನ್ನೆಯಾಗೋ ಬೆಣೆ. ಸವಾರನ ಸೀಟು ಹಿಂದಿನಿಂದ ಮುಂದಿನವರೆಗೆ ಹೆಚ್ಚುಕಡಿಮೆ ಮಟ್ಟವಾಗಬೇಕು, ಅಷ್ಟೇ. ಅದಕ್ಕಿಂತ ಎತ್ತರ ಮಾಡಿದರೆ ಜಾರೋದು ನಿಲ್ಲುತ್ತೆ, ಆದರೆ ತೊಡೆಸಂದಿಗೆ ಒತ್ತಿ ಇನ್ನೊಂದು ನೋವು ಶುರುವಾಗುತ್ತೆ. ಅಗಲವನ್ನು ಹಿಂದುಗಡೆ ಮಾತ್ರ, ಎರಡೂ ಪಕ್ಕ 20 ಮಿ.ಮೀ. ಹೆಚ್ಚಿಸಲಿ. ಮುಂದುಗಡೆ ಅಗಲ ಮಾಡಿದರೆ ತೊಡೆ ಹೊರಕ್ಕೆ ಹೋಗಿ ಟ್ಯಾಂಕ್ ಹಿಡಿಯೋಕಾಗಲ್ಲ, ಸಿಗ್ನಲಲ್ಲಿ ಕಾಲೂ ಸರಿಯಾಗಿ ಎಟುಕಲ್ಲ. ಎಲ್ಲದರ ಮೇಲೆ 10 ಮಿ.ಮೀ. ಮೆದು ಫೋಮ್ ಒಂದು ಪದರ ಸಾಕು.

ಕವರ್ ಹೊಲಿಯೋ ಮುಂಚೆ ಬರೀ ಫೋಮ್ ಮೇಲೆ 20 ನಿಮಿಷ ಕೂತು ನೋಡ್ತೀನಿ ಅಂತ ಮೊದಲೇ ಮಾತಾಡಿಕೊಳ್ಳಿ. ಒಳ್ಳೆ ಕೆಲಸಗಾರ ಬೇಡ ಅನ್ನಲ್ಲ. ಬೆಂಗಳೂರಲ್ಲಾದರೆ ಜೆ.ಸಿ. ರಸ್ತೆ ಕಡೆ ಇಂಥ ಕೆಲಸದವರು ಸಿಕ್ತಾರೆ, ಶನಿವಾರ ಬಿಟ್ಟು ವಾರದ ಮಧ್ಯೆ ಹೋಗಿ. ಕೂರೋ ಜಾಗದಲ್ಲಿ ಅಡ್ಡ ಹೊಲಿಗೆ ಬೇಡ. ಮಳೆ ನೀರು ಇಳಿಯೋದೂ ಅಲ್ಲಿಂದಲೇ, ಮೂಳೆಗೆ ಚುಚ್ಚೋದೂ ಅದೇ. ರೆಕ್ಸಿನ್ ತರಿತರಿಯಾಗಿರಲಿ. ಸೀಟಿನ ತಳ ಪ್ಲಾಸ್ಟಿಕ್, ಹಾಗಾಗಿ 6 ಮಿ.ಮೀ. ಸ್ಟೀಲ್ ಪಿನ್ ಹೊಡೀಲಿ. ಉದ್ದ ಪಿನ್ ಹೊಡೆದರೆ ತುದಿ ಇನ್ನೊಂದು ಕಡೆ ಬಂದು ಕವರ್ ಒಳಗಿಂದಲೇ ಹರಿಯುತ್ತೆ.

ಜೆಲ್ ಪ್ಯಾಡ್ ಬಗ್ಗೆ ಎಲ್ಲರೂ ಕೇಳ್ತಾರೆ. ಊಟಕ್ಕೆ ಅಂತ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಕಾದ ದೋಸೆ ಕಾವಲಿ ಮೇಲೆ ಕೂತ ಹಾಗಾಗುತ್ತೆ, ಆ ಬಿಸಿ ಬೇಗ ಆರಲ್ಲ. ಅದರ ಬದಲು ಸೈಕಲ್ ಸವಾರರು ಹಾಕೋ ಪ್ಯಾಡ್ ಇರೋ ಒಳಚಡ್ಡಿ ತಗೊಳ್ಳಿ. ಜೀನ್ಸಿನ ದಪ್ಪ ಹೊಲಿಗೆಯ ಕಾಟವೂ ತಪ್ಪುತ್ತೆ.

ಗಾಡಿ ಮುಂದಿನ ವೈಸರ್ ಗಾಜು: ಮಧ್ಯೆ ಉಬ್ಬಿರೋ ಎತ್ತರದ ಗಾಜು ಹಾಕೋದಾದರೆ ಗಾಳಿ ಭುಜಕ್ಕೆ ಬಡೀಬೇಕು, ಹೆಲ್ಮೆಟ್ಟಿನ ಗಲ್ಲಕ್ಕಲ್ಲ. ಅರ್ಧಂಬರ್ಧ ಎತ್ತರದ್ದು ಹಾಕಿದರೆ ಸುಳಿಗಾಳಿ ಹೆಲ್ಮೆಟ್ಟನ್ನು ಅಲ್ಲಾಡಿಸಿ ಕುತ್ತಿಗೆ ಹಿಡಿಯುತ್ತೆ. ಎದೆಗೆ ಬೀಳೋ ಗಾಳಿ ಕೈ ಮೇಲಿನ ಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತೆ, ಅದನ್ನು ಪೂರ್ತಿ ಕಳಕೊಳ್ಳಬೇಡಿ. 80–85ರ ವೇಗಕ್ಕೆ ಕಂಪನಿ ಗಾಜೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಕಿವಿಗೆ ಫೋಮ್ ಪ್ಲಗ್ ಮಾತ್ರ ಮರೀಬೇಡಿ. ಸಂಜೆ ಹೊತ್ತಿಗೆ ಆಗೋ ಸುಸ್ತಿನಲ್ಲಿ ದೊಡ್ಡ ಪಾಲು ಗಾಳಿ ಸದ್ದಿನದು.

ಗೇರ್_ಹುಬ್ಬಳ್ಳಿ:

ಮೂರನೇ ತೊಂದರೆ ಯಾರೂ ಮುಟ್ಟಿಲ್ಲ ನೋಡ್ರಿ. ಹಿಂದಿನ ಏಟು ಬೆನ್ನಿಗೆ ಬರ್ತದ ಅಂದ್ರ ಸೀಟ್ ಮಾಡ್ಸಿದ್ರ ಅರ್ಧಾ ಅಷ್ಟ ಕಡಿಮಿ ಆಗ್ತದ. ವಿ2ದಾಗ ಹಿಂದ ಲಿಂಕ್ ಇರೋ ಮಾನೊಕ್ರಾಸ್, ಅಂದ್ರ ಒಂದೇ ಶಾಕಿನ ಸಸ್ಪೆನ್ಶನ್ ಅದ. ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್ ಆರ್ಮಿಗೂ ಶಾಕಿಗೂ ನಡುವ ಲಿಂಕ್, ಅದರೊಳಗ ಬೇರಿಂಗ್. ಚಕ್ರ ಎಸೆಯೋ ಕೆಸರು ನೇರ ಅಲ್ಲೇ ಬೀಳ್ತದ. ಸರ್ವಿಸ್ಸಿನ್ಯಾಗ ಬಿಚ್ಚೋವರು ಕಡಿಮಿ, ಯಾಕಂದ್ರ ಬಿಚ್ಚಾಕ ಹೊತ್ತು ಹಿಡೀತದ. ಹನ್ನೆರಡು ಮಳಿಗಾಲ ದಾಟಿದ ಗಾಡಿಯೊಳಗ ಗ್ರೀಸ್ ಒಣಗಿ ತುಕ್ಕು ಹಿಡಿದಿರ್ತದ. ಲಿಂಕ್ ತಿರುಗಂಗಿಲ್ಲ ಅಂದ್ರ ಶಾಕ್ ಎಷ್ಟು ಚಲೋ ಇದ್ರೂ ಕೆಲಸ ಮಾಡಂಗಿಲ್ಲ, ಗುಂಡಿ ಏಟು ನೇರ ಚಾಸಿಗೆ. ಶಾಕ್ ಹೋಗ್ಯದ ಅಂತ ಹೊಸದು ತಗೊಳ್ಳೋಕಿಂತ ಮೊದಲ ಇದನ್ನ ನೋಡ್ರಿ.

ಮುಂದಿನ ಫೋರ್ಕ್ ಆಯಿಲ್ 20,000ಕ್ಕೊಮ್ಮೆ ಬದಲಿ ಮಾಡಬೇಕು. 46,000ದಾಗ ಒಮ್ಮೆನೂ ಮಾಡಿಲ್ಲ ಅಂದ್ರ ಬೂದಿ ಕಲಿಸಿದ ನೀರಿನ ಬಣ್ಣಕ್ಕ ಬಂದಿರ್ತದ. ಸೀಲ್, ಡಸ್ಟ್ ಕವರ್ ಹೊಸವು ಹಾಕಿಸ್ರಿ. ಎರಡೂ ಕಾಲಿಗೆ ಆಯಿಲ್ ಅಳತಿ ಪಾತ್ರೆದಾಗ ಅಳದ ಹಾಕಬೇಕು, ಅಂದಾಜಿನ ಮ್ಯಾಲೆ ಸುರಿದ್ರ ಒಂದು ಕಾಲು ಬಿಗಿ, ಒಂದು ಸಡಿಲ ಆಗ್ತದ. ಅದು ಬಿಚ್ಚಿದಾಗಲೇ ಹ್ಯಾಂಡಲ್ ತಿರುಗೋ ಬೇರಿಂಗ್, ಅಂದ್ರ ಕೋನ್ ಸೆಟ್ ನೋಡ್ರಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದ್ರ ನಡುವ ‘ಟಕ್’ ಅಂತ ಕುಂತಂಗಾದ್ರ ಬಾಲ್ ರೇಸಿಗೆ ಕುಳಿ ಬಿದ್ದದ. ಹೆದ್ದಾರಿ ಮ್ಯಾಲೆ ಗಾಡಿ ನೆಟ್ಟಗ ಹೋಗಂಗಿಲ್ಲ, ನೀವು ತಿದ್ದಿ ತಿದ್ದಿ ಭುಜ ನೋಯ್ತದ.

ಟೈರಿನ ಮಗ್ಗಲಿಗೆ ನಾಕಂಕಿ ಇರ್ತದ. 2319 ಇದ್ರ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದ್ರ ನೋಡಾಕ ಚಲೋ ಕಂಡ್ರೂ ಬದಲಿ ಮಾಡ್ರಿ, ಹಳೇ ರಬ್ಬರ್ ಮಳ್ಯಾಗ ಹಿಡಿಯಂಗಿಲ್ಲ. ಹಿಂದಿನ ಅಳತಿ 130/70–17 ರೇಡಿಯಲ್, ಅದನ್ನ 140ಕ್ಕ ಏರಿಸೋ ಗೋಜಿಗೆ ಹೋಗಬ್ಯಾಡ್ರಿ. ಗಾಳಿ ಮುಂಜಾನೆ ತಣ್ಣಗಿದ್ದಾಗ ಸ್ಟಿಕ್ಕರಿನ್ಯಾಗ ಇದ್ದಷ್ಟು ನೋಡ್ರಿ. ಮಧ್ಯಾಹ್ನ ಬಿಸಿ ಟೈರಿನ್ಯಾಗ ಮೂರ್ನಾಕು ಪಿಎಸ್‌ಐ ಜಾಸ್ತಿ ತೋರಿಸ್ತದ, ಅದನ್ನ ಇಳಿಸಬ್ಯಾಡ್ರಿ.

ಚೈನಿನ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಜಾಸ್ತಿ ಮಾಡಿದ್ರ ಎಂಜಿನ್ ಆರಾಮ ಓಡ್ತದ ಅಂತ ಯಾರರೆ ಹೇಳ್ತಾರ. ಆರ್‌ಪಿಎಂ ಸುಮಾರು 7% ಇಳೀತದ, ಖರೆ. ಆದ್ರ 150 ಸಿಸಿ ಎಂಜಿನ್ನಿಗೆ ಸಾಮಾನು ಹೇರಿ ವಾಪಸ್ ಬರೂವಾಗ ಹೊನ್ನಾವರದಿಂದ ಸಾಗರದ ಕಡೆ ಘಟ್ಟ ಏರೂವಾಗ ಪ್ರತಿ ತಿರುವಿಗೂ ಒಂದು ಗೇರ್ ಇಳಿಸಬೇಕಾಗ್ತದ. ಇದ್ದದ್ದ ಇರಲಿ.

ಫ್ಲಾಟ್‌ಬಾರ್:

ಇಷ್ಟೆಲ್ಲ ಯಾಕೆ? ಯಮಹಾ ಎಫ್‌ಝಡ್ ಬೈಕಿನ ಅಗಲ ಹ್ಯಾಂಡಲ್ ಹಾಕಿಸಿ, ನೆಟ್ಟಗೆ ಕೂತು ಹೋಗಿ. ಒಂದೇ ದಿನದ ಕೆಲಸ.

ಹತ್ತು_ಹನ್ನೆರಡು:

ಫೇರಿಂಗ್, ಅಂದರೆ ಮುಂದೆ ಪ್ಲಾಸ್ಟಿಕ್ ಹೊದಿಕೆ ಇರೋ ಗಾಡಿಗೆ ಅಗಲ ಹ್ಯಾಂಡಲ್ ಬೇಡ. ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳುತ್ತೆ, ಲಿವರ್ ಫೇರಿಂಗಿಗೆ ತಾಗುತ್ತೆ. ಬ್ರೇಕ್ ಹೋಸ್, ಎರಡೂ ಕೇಬಲ್ ಉದ್ದದ್ದು ಬೇಕು. ನೆಟ್ಟಗೆ ಕೂತರೆ ಭಾರವೆಲ್ಲ ಬಾಲದ ಮೂಳೆಗೆ ಇಳಿಯುತ್ತೆ, ಕಾಲಿಡೋ ಪೆಗ್ ಮಾತ್ರ ಹಿಂದೆ ಮೇಲೇ ಉಳಿದಿರುತ್ತೆ. ಈ ಭಂಗಿಗಿಂತ ಸ್ವಲ್ಪ ಬಾಗಿ ಕೂರೋದೇ ಮೇಲು. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿನ್ಯಾಸ ಬದಲಿಸೋದಕ್ಕೆ ಅಡ್ಡ ಬರುತ್ತೆ. 2012ರ ಗಾಡಿಯ ಆರ್.ಸಿ.ಗೆ 2027ಕ್ಕೆ 15 ವರ್ಷ ತುಂಬುತ್ತೆ. ನವೀಕರಣಕ್ಕೆ ಆರ್‌ಟಿಓ ಮುಂದೆ ನಿಲ್ಲಿಸುವಾಗ ಬೇರೆ ಹ್ಯಾಂಡಲ್ ಇದ್ದರೆ ವಾಪಸ್ ಕಳಿಸ್ತಾರೆ.

ಸೀಟು, ಲಿಂಕ್, ಲಿವರ್ ಎಲ್ಲ ಆದಮೇಲೂ ಕೈ ಜೋಮು ಹಿಡಿದರೆ ಆಗ 20–25 ಮಿ.ಮೀ.ನ ರೈಸರ್ ಯೋಚಿಸಿ. ಹಾಕಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ. ಐಡ್ಲಿಂಗ್ ಒಂದು ಚೂರು ಏರಿದರೂ ಥ್ರಾಟಲ್ ಕೇಬಲ್ ಎಳೀತಿದೆ, ಹಾಗೇ ಓಡಿಸಬಾರದು. ಬ್ರೇಕ್ ಹೋಸ್ ಬಿಗಿಯಾಗಿ ನೆಟ್ಟಗೆ ನಿಂತಿದ್ದರೂ ಅಷ್ಟೇ. ಹೋಸ್ ಬದಲಿಸಿದರೆ ಅದರ ತುದಿಯ ಬ್ಯಾಂಜೊ ಬೋಲ್ಟಿನ ಎರಡೂ ವಾಷರ್ ಹೊಸದಾಗಿರಬೇಕು.

ಹೊಸದಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಲಿವರ್ ಎರಡೂ ಕೆಳಕ್ಕೆ ತಿರುಗಿಸಿದೆ, ಸೀಟಿಗೂ ಮಾತಾಡಿದ್ದೀನಿ. ಇನ್ನೆರಡು ಪ್ರಶ್ನೆ. ಫೋನ್ ಚಾರ್ಜರ್, ಮುಂದೆ ಎರಡು ಫಾಗ್ ಲೈಟ್ ಹಾಕಿದರೆ ಬ್ಯಾಟರಿ ತಡೆಯುತ್ತಾ? ಲಿಂಕ್ ಗ್ರೀಸ್ ಮನೇಲೇ ಮಾಡಬಹುದಾ? ಪ್ಯಾಡಕ್ ಸ್ಟ್ಯಾಂಡ್ ಇದೆ.

ಸಹ್ಯಾದ್ರಿ_ಸವಾರ:

ಚಾರ್ಜರ್ ಯೋಚನೆ ಬೇಡ, 5 ವೋಲ್ಟ್ 2 ಆಂಪ್ ಅಂದರೆ 10 ವ್ಯಾಟ್, ಬ್ಯಾಟರಿ ಕಡೆಯಿಂದ ಒಂದು ಆಂಪ್ ಆಸುಪಾಸು. 20 ವ್ಯಾಟಿನ ಎರಡು ಲೈಟ್ ಮಾತ್ರ ಇನ್ನೂ 3.3 ಆಂಪ್ ಕೇಳುತ್ತೆ. ಮೊದಲು ಮಲ್ಟಿಮೀಟರಲ್ಲಿ ಅಳೆಯಿರಿ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಗ್ಗೆ 12.6 ವೋಲ್ಟಿಗಿಂತ ಕಡಿಮೆ ಇದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿಲ್ಲ, ಇಲ್ಲವೇ ಸೋತಿದೆ. ಹೆಡ್‌ಲೈಟೂ ಹೊಸ ಲೈಟೂ ಹಾಕಿ 4,000 ಆರ್‌ಪಿಎಂನಲ್ಲಿ 13.5ಕ್ಕಿಂತ ಕೆಳಗಿಳಿದರೆ ಅಷ್ಟು ಭಾರ ಈ ಗಾಡಿಗೆ ಜಾಸ್ತಿ, 10 ವ್ಯಾಟಿನ ಜೋಡಿ ಹಾಕಿ. ವೈರ್ ನೇರ ಬ್ಯಾಟರಿಯಿಂದ, ಬ್ಯಾಟರಿಯ ಪಕ್ಕದಲ್ಲೇ 5 ಆಂಪ್ ಫ್ಯೂಸ್, ಮಧ್ಯೆ ರಿಲೇ. ರಿಲೇ ಎಳೆಯೋ ವೈರನ್ನು ಪಾರ್ಕಿಂಗ್ ಲೈಟಿಂದ ತಗೊಳ್ಳಿ, ಕೀ ತೆಗೆದಾಗ ತಾನಾಗೇ ಆರಿಹೋಗುತ್ತೆ.

ಸಾಮಾನಿನಲ್ಲಿ ಭಾರದ್ದು, ಅಂದರೆ ಟೂಲ್ಸ್, ಪಂಕ್ಚರ್ ಕಿಟ್, ನೀರು, ಟ್ಯಾಂಕ್ ಬ್ಯಾಗಲ್ಲಿರಲಿ. ವಿ2ನ ಹಿಂದಿನ ಸೀಟು ಎತ್ತರದಲ್ಲಿದೆ. 12 ಕೆ.ಜಿ. ಪೂರ್ತಿ ಅಲ್ಲೇ ಹೇರಿದರೆ ಮುಂದಿನ ಚಕ್ರ ಹಗುರಾಗಿ ತಿರುವಲ್ಲಿ ಗಾಡಿ ಅಗಲಕ್ಕೆ ಹೋಗುತ್ತೆ. ಟೇಲ್ ಬ್ಯಾಗಲ್ಲಿ ಬಟ್ಟೆ ಮಾತ್ರ. ಕೊಕ್ಕೆ ಇರೋ ಬಂಜೀ ಹಗ್ಗ ಬೇಡ, ಬಕಲ್ ಇರೋ ಪಟ್ಟಿ ಕಟ್ಟಿ, ಮೊದಲ 20 ಕಿ.ಮೀ. ಆದಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಪಕ್ಕದ ಬ್ಯಾಗಾದರೆ ಸೈಲೆನ್ಸರಿಂದ ಒಂದು ಗೇಣು ದೂರ.

ಪೆಟ್ರೋಲ್: ಟ್ಯಾಂಕ್ 12 ಲೀಟರ್, 300 ಕಿ.ಮೀ.ಗೆ ತುಂಬಿಸಿಬಿಡಿ. ಪಂಪ್ ಟ್ಯಾಂಕಿನೊಳಗೇ ಇದೆ, ಅದನ್ನು ತಣ್ಣಗಿಡೋದು ಪೆಟ್ರೋಲೇ, ಪೂರ್ತಿ ಖಾಲಿಯಾಗೋಕೆ ಬಿಡಬೇಡಿ. ಈಗ ಬಂಕುಗಳಲ್ಲಿ ಸಿಗೋದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಈ ಗಾಡಿಯ ರಬ್ಬರ್ ಅದಕ್ಕಂತ ಮಾಡಿದ್ದಲ್ಲ. ಟ್ಯಾಂಕ್ ಎತ್ತಿ ಪೆಟ್ರೋಲ್ ಪೈಪನ್ನು ಬೆರಳಲ್ಲಿ ಮಡಚಿ ನೋಡಿ, ಕೂದಲೆಳೆಯಷ್ಟು ಸೀಳು ಕಂಡರೂ ಇಂಜೆಕ್ಷನ್ ಒತ್ತಡ ತಡೆಯೋ ಹೊಸ ಪೈಪ್ ಹಾಕಿಸಿ. ಕೂಲೆಂಟ್ ಎರಡು ವರ್ಷಕ್ಕಿಂತ ಹಳೇದಾಗಿದ್ದರೆ ಅದನ್ನೂ ಬದಲಿಸಿ, ನಲ್ಲಿ ನೀರು ಹಾಕಬೇಡಿ.

ಗೇರ್_ಹುಬ್ಬಳ್ಳಿ:

ಲಿಂಕ್ ಕೆಲಸ ಮನ್ಯಾಗ ಆಗ್ತದ, ಆದ್ರ ಪ್ಯಾಡಕ್ ಸ್ಟ್ಯಾಂಡ್ ಮ್ಯಾಲೆ ಆಗಂಗಿಲ್ಲ. ಅದು ಗಾಡಿ ಎತ್ತೋದು ಸ್ವಿಂಗ್ ಆರ್ಮ್ ಹಿಡಿದು. ಲಿಂಕ್ ಬೋಲ್ಟ್ ತೆಗೆದ ಕೂಡ್ಲೆ ಗಾಡಿ ಕುಸೀತದ. ಭಾರ ಚಾಸಿಂದ ತೂಗಬೇಕು. ಗಟ್ಟಿಮುಟ್ಟಾದ ಎ ಆಕಾರದ ಏಣಿ ಗಾಡಿ ಮ್ಯಾಲೆ ನಿಲ್ಲಿಸಿ, ಎರಡು ರ್‍ಯಾಚೆಟ್ ಬೆಲ್ಟಿನಿಂದ ಹಿಂದಿನ ಸಬ್‌ಫ್ರೇಮ್ ಎತ್ತಿ ಕಟ್ಟ್ರಿ, ಮುಂದಿನ ಬ್ರೇಕ್ ಲಿವರ್ ದಾರದಿಂದ ಬಿಗಿದು ಕಟ್ಟ್ರಿ. ಹಿಂದಿನ ಚಕ್ರದ ಕೆಳಗ ಮರದ ತುಂಡು ಇಡ್ರಿ, ಚಕ್ರದ ಭಾರ ಬೋಲ್ಟಿನ ಮ್ಯಾಲೆ ಬರಬಾರದು. ತುಂಡು ಒಂದು ಕೂದಲಷ್ಟು ಎತ್ತರ ಸರಿಹೋದ್ರ ಬೋಲ್ಟ್ ಬೆರಳಿನ್ಯಾಗ ಬರ್ತದ. ಬರ್ಲಿಲ್ಲ ಅಂದ್ರ ಸುತ್ತಗಿ ಹಿಡಿಬ್ಯಾಡ್ರಿ, ತುಂಡಿನ ಎತ್ತರ ಹೆಚ್ಚುಕಡಿಮಿ ಮಾಡ್ರಿ.

ಬಿಚ್ಚೋಕಿಂತ ಮೊದಲ ಫೋನಿನ್ಯಾಗ ಎರಡೂ ಕಡಿಂದ ಫೋಟೋ ತಗೀರಿ, ಬೋಲ್ಟ್ ಯಾವ ಕಡಿಂದ ಹೊಕ್ಕದ ಅಂತ ಗೊತ್ತಿರಬೇಕು. ಬೇರಿಂಗ್ ಒಳಗಿನ ಕೊಳವಿ, ಅಂದ್ರ ಕಾಲರ್ ಹೊರಗ ತಗೀವಾಗ ಕೆಳಗ ಬಿಳಿ ಬಟ್ಟಿ ಹಾಸ್ರಿ, ಸೂಜಿ ಬೇರಿಂಗಿನ ಸೂಜಿ ಉದುರಿದ್ರ ಕಾಣ್ತಾವ. ಸೀಮೆಎಣ್ಣಿ ಅಥವಾ ಡೀಸೆಲಿನ್ಯಾಗ ತೊಳೆದು ಒಣಗಿಸಿ ನೋಡ್ರಿ. ಕಾಲರಿನ ಮ್ಯಾಲೆ ಉಗುರು ಎಳದ್ರ ಗೀರು ಸಿಕ್ಕೊಳ್ತದ ಅಂದ್ರ ಕಾಲರ್, ಬೇರಿಂಗ್ ಎರಡೂ ಬದಲಿ ಆಗಬೇಕು, ಬರೇ ಗ್ರೀಸ್ ಹಚ್ಚಿ ಮುಚ್ಚಿದ್ರ ಉಪಯೋಗ ಇಲ್ಲ. ಚಲೋ ಇದ್ರ ನೀರು ತಡೆಯೋ ಲಿಥಿಯಂ ಗ್ರೀಸ್ ಸೂಜಿಗಳ ಸಂದಿ ತುಂಬಿ ಆ ಕಡಿಂದ ಹೊರಗ ಬರೂವರೆಗೂ ತುಂಬ್ರಿ, ಸೀಲಿನ ತುಟಿಗೂ ಒಂಚೂರು ಹಚ್ರಿ. ಬೋಲ್ಟ್ ಎಲ್ಲಾ ಕೈಯಿಂದ ಹಾಕಿ, ಗಾಡಿ ನೆಲಕ್ಕ ಇಳಿಸಿ, ಆಮ್ಯಾಲೆ ಮ್ಯಾನ್ಯುಯಲಿನ್ಯಾಗ ಇದ್ದಷ್ಟ ಟಾರ್ಕ್ ರೆಂಚಿನಿಂದ ಬಿಗೀರಿ.

ಬಿಚ್ಚಿದಾಗ ಸ್ವಿಂಗ್ ಆರ್ಮ್ ಒಂದ ಹಿಡಿದು ಮ್ಯಾಲೆ ಕೆಳಗ ಮಾಡ್ರಿ. ಬೆಣ್ಣಿಯೊಳಗಿನ ಚಾಕು ಹಂಗ ಹೋಗಬೇಕು. ಎಲ್ಲೆರೆ ಹಿಡಿದ್ರ ಅದರ ಬುಶ್ ಕೂಡ ಹೊರಗ ತಗೀರಿ, ಎರಡನೇ ಸಲ ಏಣಿ ಕಟ್ಟೋದು ತಪ್ತದ.